ಕಾಕಂಬಿಯ ಕೊಳೆ

ಅಥವಾ ನಾನು ಬೂಷ್ಟು ಬೆಳೆಸಿದ ತಟ್ಟೆಗಳು ಹಿತ್ತಾಳೆಯವಲ್ಲ, ಅಲ್ಯೂಮಿನಿಯಂನವು. ಹಿತ್ತಾಳೆಯಲ್ಲಿ ಆ ಬೂಷ್ಟು ಸರಿಯಾಗಿ ಬೆಳೆಯುವುದಿಲ್ಲ. ಆದರೂ ನೆನಪಿನಲ್ಲಿ ಅವು ಹಳದಿಯಾಗಿಯೇ ಹೊಳೆಯುತ್ತವೆ. ಇಂಥ ನೆನಪನ್ನು ಎಷ್ಟು ನಂಬುವುದು?

ಎರಡನೇ ಮಹಾಯುದ್ಧಕ್ಕೆ ಹಡಗುಗಳು ನಿಂತು ಸುಂಟಿಕೊಪ್ಪದ ಸೋಡಾ ಅಂಗಡಿಗೆ, ಸೋಡಾಕ್ಕೆ ಹುಳಿ ಕೊಡುವ ನಿಂಬೆ ಉಪ್ಪು ಬರುತ್ತಿರಲಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ, ಕಾಕಂಬಿಯ ಮೇಲೆ ಕಪ್ಪು ಬೂಷ್ಟು ಬೆಳೆಸಿದರೂ ಅದೇ ಹುಳಿ ಹುಟ್ಟುತ್ತದೆಂದು ನಾನು ಮದರಾಸಿನ ಕಾಲೇಜಿನಲ್ಲಿ ಓದಿದ್ದೆ. ಎತ್ತುಗಳ ಮೇವಿಗೆಂದು ಮೈಸೂರು ಕಡೆಯಿಂದ ತರಿಸಿದ್ದ ಕಾಕಂಬಿಗೆ ನೀರು ಬೆರೆಸಿ ಕುದಿಸಿ, ಆರಿಸಿ, ನಮ್ಮ ಕಾಫಿ ಗೋದಾಮಿನಲ್ಲಿ ತಟ್ಟೆಗಳಿಗೆ ಸುರಿದೆ. ಅದೇ ಬೂಷ್ಟಿನ ಬೀಜವೆಂದು ಹಳೆಯ ಈರುಳ್ಳಿಯ ಮೇಲಿನ ಕಪ್ಪು ಪುಡಿ ಉದುರಿಸಿದೆ. ಬೂಷ್ಟು ಬಿಳಿ ಚರ್ಮದಂತೆ ಹಬ್ಬಿ, ಆಮೇಲೆ ಕಪ್ಪಾಯಿತು.

ಅತ್ತೆಗೆ ಅಸಹ್ಯ. "ಮನೆ ತುಂಬ ನಮ್ಮ ಸೊಸೆದೇ ಕೊಳೆ" ಎಂದು ಸಂತೆಯಲ್ಲಿ ಹೇಳಿಕೊಂಡರು. ಅವರು ಹೇಳಿದ್ದು ಗಲೀಜು ಎಂಬ ಅರ್ಥದಲ್ಲಿ. ಕೇಳಿಸಿಕೊಂಡ ಅಬಕಾರಿ ಜವಾನನಿಗೆ ಕೊಳೆ ಎಂದರೆ ಸಾರಾಯಿ ಇಳಿಸಲು ಹುಳಿಯಲಿಟ್ಟ ಬೆಲ್ಲದ ನೀರು. ಅವನು ನೇರವಾಗಿ ಗೋದಾಮಿಗೆ ಬಂದ.

"ಎಲ್ಲಾ ಚರಂಡಿಗೆ ಚೆಲ್ಲಿ, ಅಮ್ಮ. ಇಲ್ಲಾಂದ್ರೆ ಯಜಮಾನ್ರನ್ನ ಕರ್ಕೊಂಡು ಹೋಗ್ತೀನಿ."

"ಎಂತ ಮಾರಾಯ, ಕೊಳೆ ಅಂದ್ರೆ ಕೊಳೆ! ಗಲೀಜು!" ಅತ್ತೆ ಸಿಡುಕಿದರು. "ಈ ಸೊಸೆಗೆ ಸಾರಾಯಿ ಕಾಸುವ ಬುದ್ಧಿ ಇದ್ದಿದ್ರೆ ಅದ್ ಯಾವತ್ತೋ ಉದ್ಧಾರ ಆಗ್ತಿತ್ತ್."

"ಚೆಲ್ಲಿ ಅಂದೆ" ಎಂದು ಜವಾನ ಗದರಿದ.

"ಚೆಲ್ಲುವುದಿಲ್ಲ" ಎಂದೆ. ಆಮೇಲೆ ವಿಜ್ಞಾನ, ಸರ್ಕಾರ ಎಂದೆಲ್ಲ ಏನೋ ಮಾತಾಡಿದಂತೆ ನೆನಪು. ಬಹುಶಃ ಅದು ಈಗ ಸೇರಿಸಿದ್ದು. ತಟ್ಟೆಯೊಂದರ ಬೂಷ್ಟು ಸರಿಸಿ, ಲೋಟ ಅದ್ದಿ, ಅವನೆದುರೇ ಕುಡಿದದ್ದು ಮಾತ್ರ ನಿಜ. ಹಲ್ಲು ಜುಮ್ಮೆಂದಿತು.

"ನಂಗೆ ಅಮಲೇರಿದ್ರೆ ತಟ್ಟೆಗಳನ್ನ ಹೊತ್ಕೊಂಡು ಹೋಗಿ" ಎಂದೆ.

ಅವನು ಜಗಲಿಯಲ್ಲಿ ಕಾದು ಕೂತ. ಅತ್ತೆ ಅವನಿಗೆ ಕಾಫಿ ಕೊಟ್ಟು, "ನೋಡ್, ಇನ್ನೂ ನೆಟ್ಟಗೇ ನಿಂತುಟ್ಟು" ಎಂದು ಆಗಾಗ ವರದಿ ಒಪ್ಪಿಸಿದರು. ನಾನು ತೂರಾಡಲಿಲ್ಲ. ಜವಾನ ಬೈಯುತ್ತ ಎದ್ದು ಹೋದ. ತಟ್ಟೆಗಳು ಉಳಿದವು.

ಆ ನೀರಿಗೆ ಸುಣ್ಣ ಹಾಕಿ ಕಾಯಿಸಿದಾಗ ತಳದಲ್ಲಿ ಬಿಳಿ ಗಷ್ಟು ಕೂತಿತು. ನಿಂಬೆ ಹುಳಿ ಸುಣ್ಣಕ್ಕೆ ಹೀಗೆಯೇ ಕೂರುತ್ತದೆ, ಗೆದ್ದೆ ಎಂದುಕೊಂಡೆ. ಆದರೆ ಅದೇ ಬೂಷ್ಟು ಕೆಲವೊಮ್ಮೆ ಆಕ್ಸಾಲಿಕ್ ಎಂಬ ವಿಷದ ಹುಳಿಯನ್ನೂ ಮಾಡುತ್ತದೆ. ಅದೂ ಸುಣ್ಣಕ್ಕೆ ಹಾಗೆಯೇ ಬೆಳ್ಳಗೆ ಕೂರುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವ ಸಾಧನ ನನ್ನಲ್ಲಿರಲಿಲ್ಲ. ಆ ದಿನ ಕುಡಿದದ್ದು ಯಾವುದೆಂದು ನನಗೆ ಗೊತ್ತಿಲ್ಲ.