ಇನ್ನೂರ ಹದಿನಾಲ್ಕು ಸೊನ್ನೆ

ನಮ್ಮ ಅತ್ತೆಯನ್ನು ಊರೆಲ್ಲ ಕರೆಯುವುದು ‘ಹಿಕ್ಕೆ ಅತ್ತೆ’ ಎಂದು. ಅಪ್ಪನ ಅಕ್ಕ, ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಇರುತ್ತಾಳೆ. ಹನ್ನೊಂದು ವರ್ಷದಿಂದ ಜೌಗುಪ್ರದೇಶದ ಕಚೇರಿಯಲ್ಲಿ ದಿನಗೂಲಿ. ನೀರುನಾಯಿ ಎಲ್ಲೆಲ್ಲಿ ಇದೆ ಎಂದು ಹುಡುಕಿ ಹೇಳುವುದು ಅವಳ ಕೆಲಸ. ನೀರುನಾಯಿ ಸುಲಭವಾಗಿ ಕಣ್ಣಿಗೆ ಬೀಳುವ ಪ್ರಾಣಿಯಲ್ಲ. ಆದರೆ ನೀರಂಚಿನ ಕಲ್ಲು, ದಿಬ್ಬಗಳ ಮೇಲೆ ಹಿಕ್ಕೆ ಹಾಕಿ ಹೋಗುತ್ತದೆ. ಅತ್ತೆ ಅದನ್ನು ಕಡ್ಡಿಯಿಂದ ಬಿಡಿಸುತ್ತಾಳೆ, ಮೀನಿನ ಹುರುಪೆ, ಏಡಿಯ ಚಿಪ್ಪು ಇದೆಯೇ ಎಂದು ನೋಡುತ್ತಾಳೆ, ಕೊನೆಗೆ ಮೂಗಿನ ಹತ್ತಿರ ಹಿಡಿದು ತೀರ್ಪು ಕೊಡುತ್ತಾಳೆ. ಮೂಸದೆ ತೀರ್ಪಿಲ್ಲ. ಒಣಗಿದ ಮಾದರಿಗಳನ್ನು ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ಇಡುತ್ತಿದ್ದಳು. ಒಮ್ಮೆ ಅಪ್ಪನ ಗೆಳೆಯರೊಬ್ಬರು ಚಹಾ ಕುಡಿಯುತ್ತಾ, ಸಂಕೋಚವೇಕೆ ಎಂದು ತಾವೇ ಕೈ ಚಾಚಿ ಆ ಡಬ್ಬಿ ತೆರೆದರು. ಆಮೇಲೆ ಅವರು ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ನೀವು ನಕ್ಕಿರಬಹುದು. ನನಗೆ ನಗು ಬರುವುದಿಲ್ಲ, ಈಗಲೂ ಮೈ ಉರಿಯುತ್ತದೆ. ಕಚೇರಿಯ ಸಾಹೇಬರ ಮೇಲೆ ಉರಿಯುತ್ತದೆ, ಆ ಕಚೇರಿಯ ಮೇಲೆ ಉರಿಯುತ್ತದೆ, ಅತ್ತೆಯ ಹಟದ ಮೇಲೂ ಒಮ್ಮೊಮ್ಮೆ. ಎಲ್ಲಕ್ಕಿಂತ ಹೆಚ್ಚು ನನ್ನದೇ ಬಲಗೈಯ ತೋರುಬೆರಳಿನ ಮೇಲೆ.

ಕಚೇರಿಯವರು ಇಡೀ ಜೌಗನ್ನು ಕಾಗದದ ಮೇಲೆ ಚೌಕ ಚೌಕವಾಗಿ ಕತ್ತರಿಸಿಟ್ಟಿದ್ದಾರೆ. ಒಂದೊಂದು ಚೌಕಕ್ಕೂ ಒಂದು ನಂಬರು. ಅತ್ತೆ ಚೌಕದೊಳಗೆ ನಡೆದು ನೋಡಿ, ಗುರುತು ಸಿಕ್ಕಿದರೆ ಹಾಳೆಯಲ್ಲಿ ‘1’ ಎಂದು ಬರೆಯುತ್ತಾಳೆ. ಹುಡುಕಿಯೂ ಸಿಗದಿದ್ದರೆ ಸೊನ್ನೆ. ಕಾಲಿಡಲು ಆಗದೇ ಹೋದ ಚೌಕವನ್ನು ಖಾಲಿ ಬಿಡುತ್ತಾಳೆ. ಇಷ್ಟೇ ನಿಯಮ. ನಾನು ಶಾಲೆಗೆ ಹೋಗುತ್ತಿದ್ದಾಗ ರಜೆಯಲ್ಲಿ ಅವಳ ಹಿಂದೆ ಅಲೆಯುತ್ತಿದ್ದೆ. ಒಂದು ದಿನ ಬರೀ ಮುಳ್ಳು ತುಂಬಿದ ಚೌಕ ಎದುರಾಯಿತು. ನನಗೆ ಹಸಿವು, ಅವಳಿಗೂ ಸುಸ್ತು.

“ಸೊನ್ನೆ ಹಾಕು ಅತ್ತೆ, ಇಲ್ಲೇನಿರುತ್ತೆ?” ಎಂದೆ.

“ನೀನು ಒಳಗೆ ಹೋಗಿ ನೋಡಿದ್ಯಾ?”

“ಇಲ್ಲ.”

“ಮತ್ತೆ ಅಲ್ಲಿ ಇಲ್ಲ ಅಂತ ಹೇಳೋಕೆ ನೀನ್ಯಾರೇ? ನೋಡಿಲ್ಲ ಅನ್ನು. ನೋಡಿಲ್ಲ ಅನ್ನೋಕೆ ನಾಚಿಕೆ ಯಾಕೆ?”

ಚೌಕ ಖಾಲಿ ಉಳಿಯಿತು. ಮಾರನೆಯ ದಿನ ಕತ್ತಿ ತಂದು ಮುಳ್ಳು ಕಡಿದು ಒಳಗೆ ನುಗ್ಗಿದಳು. ಏನೂ ಸಿಗಲಿಲ್ಲ. ಆಗ ಸೊನ್ನೆ ಬರೆದಳು, ಅದೂ ಗುಂಡಗೆ, ತೃಪ್ತಿಯಿಂದ.

ಜೌಗಿನ ನಡುವೆ ಆಳವಾದ ಕಾಲುವೆಯೊಂದು ಹರಿಯುತ್ತದೆ. ಪಶ್ಚಿಮದ ದಡಕ್ಕೆ ರಸ್ತೆ ಇದೆ. ಪೂರ್ವದಲ್ಲಿ ಆಳೆತ್ತರದ ಜೊಂಡು, ದೋಣಿ ಇಲ್ಲದೆ ಹೋಗುವಂತಿಲ್ಲ. ಅಲ್ಲಿರುವುದು ಇನ್ನೂರ ಹದಿನಾಲ್ಕು ಚೌಕ. ಬೆಳಿಗ್ಗೆ ಪಶ್ಚಿಮದ ದಡದಲ್ಲಿ ನಿಂತರೆ, ನೀರುನಾಯಿಗಳು ಬಾಯಲ್ಲಿ ಮೀನು ಕಚ್ಚಿಕೊಂಡು ಪೂರ್ವದ ಜೊಂಡಿನೊಳಗೆ ಹೋಗುವುದು ಎಷ್ಟೋ ಸಲ ಕಂಡಿದೆ. ಅತ್ತೆ ಹೇಳುವಂತೆ ಒಂದು ಸಂಸಾರವೇ ಇದೆ, ಎರಡು ದೊಡ್ಡವು, ಮೂರು ಮರಿ. ಆದರೂ ಪೂರ್ವದ ಚೌಕದಲ್ಲಿ ‘1’ ಎಂದು ಬರೆಯಲು ಒಪ್ಪುತ್ತಿರಲಿಲ್ಲ.

“ಕಣ್ಣಾರೆ ಕಂಡಿದ್ದೀಯಲ್ಲ, ಬರಿ!” ಎಂದು ನಾನು ಜಗಳ ಆಡಿದ್ದೇನೆ.

“ಈಜೋದು ಕಂಡೆ. ಯಾವ ಚೌಕದಲ್ಲಿ ಹತ್ತಿತು, ಎಲ್ಲಿ ಮಲಗಿತು, ನಿಂಗೆ ಗೊತ್ತಾ? ದೋಣಿ ಕೊಡಲಿ, ಬರೀತೀನಿ.”

ದೋಣಿಗಾಗಿ ವರ್ಷಕ್ಕೊಂದರಂತೆ ಅರ್ಜಿ ಬರೆದಳು. ಮೊದಲ ಅರ್ಜಿಗೆ ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂತು. ಮೂರನೆಯದಕ್ಕೆ, ಕಚೇರಿಯಲ್ಲಿ ಜೀಪು ಇರುವಾಗ ದೋಣಿಯ ಅಗತ್ಯವೇನು ಎಂದು ಕೇಳಿದರು. ಜೌಗಿಗೆ ಜೀಪು! ಐದನೆಯ ಅರ್ಜಿ ಕಳೆದೇಹೋಯಿತು. ಒಮ್ಮೆ ಬೇಸತ್ತು, ಜೊಂಡು ಕೊಯ್ಯುವವನ ದೋಣಿಯಲ್ಲಿ ಕಾಲುವೆ ದಾಟಿದಳು. ಕಚೇರಿ ಕೆಲಸಕ್ಕೆ ಖಾಸಗಿ ದೋಣಿ ಹತ್ತಬಾರದೆಂಬ ಸುತ್ತೋಲೆ ಇದೆ ಎಂದು ಸಾಹೇಬರು ಆ ದಿನದ ಹಾಳೆಯನ್ನೇ ರದ್ದು ಮಾಡಿದರು. ಅದರಲ್ಲಿ ನಾಲ್ಕು ಚೌಕಗಳಲ್ಲಿ ಗುರುತು ಸಿಕ್ಕಿತ್ತು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸಹಿ ಮಾಡಿ ವಾಪಸು ಕೊಟ್ಟರು. ನಮ್ಮ ಸಾಹೇಬರು ಒಳ್ಳೆಯವರು, ಯಾರಿಗೂ ಗದರುವುದಿಲ್ಲ ಎಂದು ಜನ ಹೇಳುತ್ತಾರೆ. ಗದರುವುದಿಲ್ಲ, ನಿಜ. ಅವರು ಇಲ್ಲಿಗೆ ಬಂದ ಈ ಆರು ವರ್ಷದಲ್ಲಿ ಅವರ ಬೂಟಿಗೆ ಕೆಸರು ಮೆತ್ತಿದ್ದನ್ನೂ ನಾನು ಕಂಡಿಲ್ಲ.

ಎರಡು ವರ್ಷದ ಹಿಂದೆ ನನಗೂ ಅದೇ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಕೆಲಸ ಸಿಕ್ಕಿತು. ಹಾಳೆಯಲ್ಲಿರುವುದನ್ನು ಒಳಗೆ ತುಂಬುವುದು, ಅಷ್ಟೇ. ಈ ವರ್ಷ ಮೇಲಿನಿಂದ ಆದೇಶ ಬಂತು. ಜೌಗಿನಲ್ಲಿ ನೀರುನಾಯಿ ಬದುಕಲು ತಕ್ಕ ಜಾಗ ಎಲ್ಲೆಲ್ಲಿದೆ ಎಂದು ನಕ್ಷೆ ಮಾಡಬೇಕು. ತಕ್ಕ ಜಾಗಕ್ಕೆ ಹಸಿರು, ಉಳಿದದ್ದಕ್ಕೆ ಕೆಂಪು. ಹಸಿರನ್ನು ಯಾರೂ ಮುಟ್ಟುವ ಹಾಗಿಲ್ಲ. ಕೆಂಪನ್ನು ಬೇರೆ ಕೆಲಸಕ್ಕೆ ಕೊಡಬಹುದು. ಆ ಬೇರೆ ಕೆಲಸ ಏನೆಂದು ಊರಿಗೆಲ್ಲ ಗೊತ್ತಿತ್ತು. ಜೌಗಿಗೆ ಮಣ್ಣು ತುಂಬಿ ಲಾರಿ ನಿಲ್ದಾಣ ಮಾಡಲು ಕೆಲವರು ತುದಿಗಾಲಲ್ಲಿ ನಿಂತಿದ್ದರು.

ಅತ್ತೆ ಹನ್ನೊಂದು ವರ್ಷದ್ದನ್ನೆಲ್ಲ ಒಂದೇ ದೊಡ್ಡ ಹಾಳೆಗೆ ಇಳಿಸಿಕೊಟ್ಟಳು. ನಾನು ತುಂಬಲು ಕೂತೆ. ರದ್ದಾದ ನಾಲ್ಕೂ ಸೇರಿ ಪೂರ್ವದ ಚೌಕಗಳೆಲ್ಲ ಖಾಲಿ ಇದ್ದವು, ಅಲ್ಲಿಗೆ ಬರುತ್ತಿದ್ದಂತೆ ಕಂಪ್ಯೂಟರ್ ಮೊಂಡು ಹಿಡಿಯಿತು. ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಎದ್ದು ಸಾಹೇಬರ ಕೋಣೆಗೆ ಹೋದೆ. ಅವರು ಫೋನಿನಲ್ಲಿದ್ದರು. ಒಂದು ಕೈಯಿಂದ ಫೋನು ಮುಚ್ಚಿಕೊಂಡು ಕೇಳಿಸಿಕೊಂಡರು.

“ಸೊನ್ನೆ ಹಾಕಮ್ಮ. ಖಾಲಿ ಅಂದ್ರೆ ಏನೂ ಇಲ್ಲ ಅಂತ ತಾನೇ?”

ಅಲ್ಲ ಎಂದು ನನಗೆ ಗೊತ್ತಿತ್ತು. ಈ ಭೂಮಿಯ ಮೇಲೆ ಅತ್ತೆಯನ್ನು ಬಿಟ್ಟರೆ ಅದು ಚೆನ್ನಾಗಿ ಗೊತ್ತಿದ್ದವಳು ನಾನೊಬ್ಬಳೇ. ಆದರೂ ಮಾತು ನುಂಗಿಕೊಂಡು ಬಂದು ಕೂತೆ. ಅಂದು ಮಾಹಿತಿ ಕಳಿಸಲು ಕೊನೆಯ ದಿನ, ಸಂಜೆಯ ಬಸ್ಸಿಗೆ ಹೊತ್ತಾಗಿತ್ತು, ಆಮೇಲೆ ಸರಿ ಮಾಡಿದರಾಯಿತು ಎಂದುಕೊಂಡೆ. ಇನ್ನೂರ ಹದಿನಾಲ್ಕು ಸಲ ಸೊನ್ನೆ ಒತ್ತಿದೆ. ಮೇಜಿನ ಮೇಲಿದ್ದ ಚಹಾ ಇನ್ನೂ ಬಿಸಿ ಇತ್ತು.

ನಕ್ಷೆ ಬಣ್ಣಬಣ್ಣವಾಗಿ ಅಚ್ಚಾಗಿ ಬಂತು. ಕಚೇರಿಯ ಗೋಡೆಗೆ ತೂಗುಹಾಕಿದರು. ಅತ್ತೆ ವಾರದ ಹಾಳೆ ಕೊಡಲು ಬಂದವಳು ಅದರ ಮುಂದೆ ನಿಂತಳು. ಕೆಳಗಡೆ ‘ಕ್ಷೇತ್ರ ಮಾಹಿತಿ’ ಎಂದು ಅವಳ ಹೆಸರು ಹಾಕಿದ್ದರು. ಹನ್ನೊಂದು ವರ್ಷದಲ್ಲಿ ಅವಳ ಹೆಸರು ಅಚ್ಚಾದದ್ದು ಅದೇ ಮೊದಲು. ಅವಳು ಮೊದಲು ಓದಿದ್ದು ಅದನ್ನೇ. ಸೆರಗಿನಿಂದ ಕೈ ಒರೆಸಿಕೊಂಡು ಹೆಸರಿನ ಮೇಲೆ ಬೆರಳಾಡಿಸಿದಳು, ಮುಖ ಅರಳಿತು. ನಾನು ನೋಡುತ್ತಲೇ ಇದ್ದೆ. ಆಮೇಲೆ ಅವಳ ಕಣ್ಣು ಮೇಲಕ್ಕೆ ಹೋಯಿತು.

“ಕಾಲುವೆ ಆಚೆ ಯಾಕೆ ಸಾರ್ ಪೂರ್ತಿ ಕೆಂಪು?”

“ನಿಮ್ಮದೇ ಮಾಹಿತಿ ಅಲ್ವೇನಮ್ಮ? ನೀವು ಹುಡುಕಿದ್ರಿ, ಸಿಗಲಿಲ್ಲ,” ಎಂದರು ಸಾಹೇಬರು.

“ನೀವು ರದ್ದು ಮಾಡಿದ ಆ ಒಂದು ದಿನ ಬಿಟ್ರೆ ನಾನು ಹುಡುಕೇ ಇಲ್ಲ! ನೀವು ದೋಣಿ ಎಲ್ಲಿ ಕೊಟ್ರಿ? ಖಾಲಿ ಬಿಟ್ಟಿದ್ದೆ.”

“ಕಂಪ್ಯೂಟರಲ್ಲಿ ಸೊನ್ನೆ ಇದೆ.”

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಕೀಬೋರ್ಡಿನ ಮೇಲಿನ ಧೂಳು ನೋಡುತ್ತಾ ಕೂತೆ.

ಮನೆಯಲ್ಲಿ ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. “ನನ್ನ ಹೆಸರಿನ ಮೇಲೆ ಸುಳ್ಳು ಬರೆದ್ಯಲ್ಲೇ,” ಎಂದಳು, ಅಷ್ಟೇ. ಅಪ್ಪ ಮಧ್ಯೆ ಬಾಯಿ ಹಾಕಿದರು.

“ಹೋಗ್ಲಿ ಬಿಡಕ್ಕ. ಈಗ ರಾದ್ಧಾಂತ ಮಾಡಿದ್ರೆ ಹುಡುಗಿ ಕೆಲಸ ಹೋಗುತ್ತೆ.”

“ಅವಳ ಕೆಲಸ ಉಳೀಲಿ ಅಂತ ನಂಗೂ ಇದೆ ಕಣೋ. ಅವುಗಳ ಮನೆ ಹೋಗುತ್ತಲ್ಲ, ಅದಕ್ಕೇನು ಹೇಳ್ತೀಯ?” ಎಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಂಡಳು. ಆ ದಿನದಿಂದ ನನ್ನ ಜೊತೆ ಮಾತು ಬಿಟ್ಟಳು.

ಸರಿ ಮಾಡಲು ಹೋದೆ. ಕಡತಕ್ಕೆ ‘ಅಂತಿಮ’ ಎಂದು ಬೀಗ ಬಿದ್ದಿತ್ತು. ಸಾಹೇಬರ ಮುಂದೆ ನಿಂತು ತಪ್ಪೊಪ್ಪಿಕೊಂಡೆ. ಅವರು ಗದರಲಿಲ್ಲ. ಈಗ ಬದಲಾಯಿಸಿದರೆ ಕಚೇರಿಯ ಮಾನ ಹೋಗುತ್ತದೆ, ಮುಂದಿನ ಪರಿಷ್ಕರಣೆಯಲ್ಲಿ ನೋಡೋಣ ಎಂದರು. ಅದು ಯಾವಾಗ ಎಂದು ಕೇಳಿದೆ. ಐದು ವರ್ಷಕ್ಕೊಮ್ಮೆಯಂತೆ. ಐದು ವರ್ಷದಲ್ಲಿ ಆ ಜೊಂಡಿನ ಮೇಲೆ ಲಾರಿಗಳು ಸಾಲಾಗಿ ನಿಂತಿರುತ್ತವೆ.

ನಕ್ಷೆಗೆ ಒಪ್ಪಿಗೆ ಕೊಡುವ ಸಭೆ ಶಾಲೆಯ ಸಭಾಂಗಣದಲ್ಲಿ ನಡೆಯಿತು. ಸಹಿ ಹಾಕಲು ಮೇಲಿನ ಕಚೇರಿಯಿಂದ ಅಧಿಕಾರಿಣಿಯೊಬ್ಬರು ಬಂದಿದ್ದರು. ಲಾರಿ ಮಾಲೀಕರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಸಾಹೇಬರು ಕೋಲಿನಿಂದ ಕೆಂಪು ಭಾಗ ತೋರಿಸುತ್ತಾ, ನಮ್ಮದೇ ಸಿಬ್ಬಂದಿ ಹನ್ನೊಂದು ವರ್ಷ ಇಲ್ಲಿ ಹುಡುಕಿದ್ದಾರೆ, ಒಂದು ಗುರುತೂ ಸಿಕ್ಕಿಲ್ಲ ಎಂದರು.

ಹಿಂದಿನ ಸಾಲಿನಿಂದ ಅತ್ತೆ ಎದ್ದಳು. “ಸುಳ್ಳು. ಹನ್ನೊಂದು ವರ್ಷದಲ್ಲಿ ಒಂದು ದಿನ ಬಿಟ್ರೆ ನಾನು ಅಲ್ಲಿ ಹುಡುಕೇ ಇಲ್ಲ.”

“ಹಿಕ್ಕೆ ಅತ್ತೆ ಬಂದ್ಲು, ಮೂಗು ಮುಚ್ಕೊಳ್ರಪ್ಪ,” ಎಂದ ಯಾರೋ ಒಬ್ಬ. ಸಭೆಯೆಲ್ಲ ನಕ್ಕಿತು. ಅದನ್ನೂ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ಸಾಹೇಬರು ಅಧಿಕಾರಿಣಿಯ ಕಡೆ ಬಾಗಿ, ಕನಿಕರದ ದನಿಯಲ್ಲಿ, ಮೈಕು ಎದುರಿಗಿರುವುದನ್ನೇ ಮರೆತು ಹೇಳಿದರು:

“ವಯಸ್ಸಾಯ್ತು ಮೇಡಂ, ಪಾಪ. ಏನು ಬರೆದಿದ್ದೆ ಅನ್ನೋದೇ ನೆನಪಿರಲ್ಲ.”

ನನಗೆ ಪಿತ್ತ ನೆತ್ತಿಗೇರಿತು. ಜೌಗಿನ ಒಂದೊಂದು ಕಲ್ಲನ್ನೂ ನೆನಪಿಟ್ಟುಕೊಂಡವಳಿಗೆ ಮರೆವಂತೆ! ಬೆಳಿಗ್ಗೆ ಕಚೇರಿಯ ಬೀರುವಿನಿಂದ ಅತ್ತೆಯ ಮೂಲ ಹಾಳೆಯನ್ನು ತೆಗೆದು ಚೀಲದಲ್ಲಿ ಇಟ್ಟುಕೊಂಡಿದ್ದೆ. ಧೈರ್ಯ ಬಂದರೆ ಇರಲಿ ಎಂದು ತಂದಿದ್ದೆ, ಧೈರ್ಯ ಬರಲಿಲ್ಲ, ಕೋಪ ಬಂತು. ಎದ್ದು ಹೋಗಿ ಅದನ್ನು ಅಧಿಕಾರಿಣಿಯ ಮುಂದೆ ಹರಡಿದೆ.

“ಆ ಸೊನ್ನೆಗಳು ಅವಳದ್ದಲ್ಲ ಮೇಡಂ, ನಂದು. ಇನ್ನೂರ ಹದಿನಾಲ್ಕೂ ನಂದೇ. ನಾನು ಅಲ್ಲಿಗೆ ಹೋಗೇ ಇಲ್ಲ, ಕುರ್ಚಿ ಮೇಲೆ ಕೂತು ಹಾಕಿದೆ. ಹಾಕು ಅಂದವರು ಇವರು.”

ಅಧಿಕಾರಿಣಿ ಹಾಳೆಯ ಖಾಲಿ ಚೌಕಗಳ ಮೇಲೆ ಪೆನ್ನು ಆಡಿಸಿದರು.

“ಯಾಕಮ್ಮ, ಕಾಲುವೆ ದಾಟೋಕೆ ದೋಣಿ ಕೇಳಲಿಲ್ವಾ?” ಎಂದು ಅತ್ತೆಯನ್ನು ಕೇಳಿದರು.

ಅತ್ತೆ ಮುಂದೆ ಬಂದಳು. ತನ್ನ ಕೈಚೀಲದಿಂದ ಹನ್ನೊಂದು ಅರ್ಜಿಯ ನಕಲುಗಳನ್ನು ತೆಗೆದು, ಒಂದರ ಮೇಲೊಂದು ಮೇಜಿನ ಮೇಲಿಟ್ಟಳು. ಕಳೆದುಹೋದ ಐದನೆಯದರ ನಕಲೂ ಅದರಲ್ಲಿತ್ತು.

ಅಂದು ಸಹಿ ಬೀಳಲಿಲ್ಲ. ಪೂರ್ವದ ಚೌಕಗಳನ್ನು ಸಾಹೇಬರೇ ಖುದ್ದಾಗಿ ಹೋಗಿ ನೋಡಿ, ತಮ್ಮ ಕೈಯಾರೆ ಹಾಳೆ ತುಂಬಿ ತರಬೇಕು, ಅಲ್ಲಿಯವರೆಗೆ ನಕ್ಷೆಗೆ ಒಪ್ಪಿಗೆಯಿಲ್ಲ ಎಂದಾಯಿತು. ಈಗ ಕೇಳಿ. ಹನ್ನೊಂದು ವರ್ಷ ಅಂಗಲಾಚಿದರೂ ಸಿಗದ ದೋಣಿ ನಾಲ್ಕನೆಯ ದಿನ ಬಂದು ನಿಂತಿತು. ಹೊಚ್ಚ ಹೊಸದು, ಕಿತ್ತಳೆ ಬಣ್ಣದ್ದು, ಮೋಟಾರೂ ಇದೆ, ಕೂರಲು ಮೆತ್ತೆಯೂ ಇದೆ. ಅದನ್ನು ನೋಡಿದಾಗ ಸಂತೋಷವಾಗಬೇಕಿತ್ತು. ತೂತು ಮಾಡಿ ಮುಳುಗಿಸೋಣ ಎನ್ನುವಷ್ಟು ಸಿಟ್ಟು ಬಂತು.

ನನಗೆ ಸೋಮವಾರದಿಂದ ಬರಬೇಡ ಎಂದಿದ್ದರು. ಆದರೂ ಹೋಗಿ ದಡದಲ್ಲಿ ನಿಂತೆ. ಸಾಹೇಬರೂ ಅತ್ತೆಯೂ ಆಗಲೇ ದೋಣಿಯಲ್ಲಿ ಕೂತಿದ್ದರು. ದೋಣಿ ನಡೆಸಲು ಜೊಂಡು ಕೊಯ್ಯುವವನನ್ನೇ ಕರೆಸಿದ್ದರು. ಅವನು ಅತ್ತೆಯ ಮುಖ ನೋಡಿದ. ಅತ್ತೆ ನನ್ನ ಕಡೆ ನೋಡದೆ ಸ್ವಲ್ಪ ಸರಿದು ಕೂತಳು. ಜಾಗ ಆಯಿತು. ನಾನು ಹತ್ತಿದೆ.

ಮೊದಲ ಚೌಕ. ಸುತ್ತ ಜೊಂಡು, ನಡುವೆ ಕೆಸರು, ಆಚೆ ಒಂದು ಮಣ್ಣಿನ ದಿಬ್ಬ. ದೋಣಿ ಅದರ ಹತ್ತಿರಕ್ಕೆ ಹೋಗಲಿಲ್ಲ. ಸಾಹೇಬರು ಕೆಸರನ್ನು ನೋಡಿದರು, ತಮ್ಮ ಬೂಟು ನೋಡಿದರು. ಕುತ್ತಿಗೆ ಉದ್ದ ಮಾಡಿ ಆ ಕಡೆ ಈ ಕಡೆ ಕಣ್ಣಾಡಿಸಿದರು.

“ಇಲ್ಲೇನೂ ಕಾಣಲ್ಲ,” ಎಂದು ಪೆನ್ನಿನ ತುದಿಯನ್ನು ಚೌಕಕ್ಕೆ ತಂದರು.

ಅತ್ತೆ ಅವರ ಮಣಿಕಟ್ಟು ಹಿಡಿದಳು. ದಿನಗೂಲಿಯವಳು, ಸಾಹೇಬರ ಕೈ.

“ಇಳಿದು ನೋಡಿದ್ರಾ ಸಾರ್?”

“ಜಿಗಣೆ ಇರುತ್ತಲ್ಲಮ್ಮ...”

“ಇರುತ್ತೆ. ಇಳಿದ್ರಾ?”

“ಇಲ್ಲ.”

“ಹಾಗಾದ್ರೆ ಖಾಲಿ ಬಿಡಿ. ನೀವು ಇಳೀದೇ ಇದ್ದದ್ದಕ್ಕೆ ಅವು ಇಲ್ಲ ಅಂತ ಆಗಲ್ಲ.”

ಸಾಹೇಬರು ಇಳಿಯಲಿಲ್ಲ. ಪೆನ್ನನ್ನು ಗಾಳಿಯಲ್ಲೇ ಹಿಡಿದು ಕೂತರು. ನಾನು ಚಪ್ಪಲಿ ಬಿಚ್ಚಿಟ್ಟು ದೋಣಿಯ ಅಂಚಿನಿಂದ ಜಾರಿದೆ. ಕೆಸರು ಸೊಂಟದವರೆಗೆ ಬಂತು. ಒಂದೊಂದು ಹೆಜ್ಜೆಗೂ ಕಾಲು ಕಿತ್ತು ಇಡಬೇಕು. ಜೊಂಡಿನ ಅಲಗು ಕೈಗಳನ್ನು ಗೀರಿತು, ಮೊಣಕೈಯ ಹಿಂದೆ ಏನೋ ತಣ್ಣಗೆ ಅಂಟಿಕೊಂಡಿತು. ದಿಬ್ಬ ಹತ್ತಿ ಮಂಡಿಯೂರಿ ಹುಡುಕಿದೆ. ಈ ಬದಿಯಲ್ಲಿ ಏನೂ ಇಲ್ಲ. ಆ ಬದಿಯಲ್ಲಿ ಹುಲ್ಲು ಒತ್ತಿಹೋಗಿತ್ತು, ಯಾರೋ ಮಲಗೆದ್ದ ಹಾಗೆ. ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಇತ್ತು. ಕಪ್ಪಗೆ, ಹಸಿಯಾಗಿ, ಹುರುಪೆ ಮಿನುಗುತ್ತಾ.

“ಇದೆ ಅತ್ತೆ!” ಎಂದು ಕೂಗಿದೆ.

ಜೊಂಡಿನ ಆಚೆಯಿಂದ ಅವಳ ದನಿ ಬಂತು. ನನ್ನೊಡನೆ ಅವಳು ಮಾತಾಡಿ ತಿಂಗಳಾಗಿತ್ತು.

“ಮೂಸಿದ್ಯಾ?”

ಕಡ್ಡಿಯಿಂದ ಎತ್ತಿ ಮೂಗಿನ ಹತ್ತಿರ ತಂದೆ. ಕಣ್ಣಲ್ಲಿ ನೀರು ಬಂತು. ವಾಸನೆಗೇ ಬಂತು ಎಂದು ಯಾರಾದರೂ ಹೇಳಿದರೆ ನಾನು ಇಲ್ಲ ಎನ್ನುವುದಿಲ್ಲ.

“ಮೂಸಿದೆ. ಅದೇ.”

“ಒಂದು ಅಂತ ಬರೀರಿ ಸಾರ್,” ಎಂದು ಹೇಳಿದ್ದು ಕೇಳಿಸಿತು.

ಮತ್ತೆ ಕೆಸರು ತುಳಿದುಕೊಂಡು ಬಂದು ದೋಣಿಯ ಅಂಚು ಹಿಡಿದೆ. ಕೈ ಕೊಡುತ್ತಾಳೇನೋ ಎಂದು ಮುಖ ಎತ್ತಿ ನೋಡಿದೆ. ಅತ್ತೆ ಬಾಗಿ, ನನ್ನ ಮೊಣಕೈಯ ಹಿಂದಿನ ಜಿಗಣೆಯನ್ನು ಕಿತ್ತು ನೀರಿಗೆ ಎಸೆದಳು.

“ಹತ್ತಬೇಡ,” ಎಂದಳು. “ಇನ್ನೂ ಇನ್ನೂರ ಹದಿಮೂರಿದೆ.”