ತಲೆಬಾಗಿದ ಕಮಾನು

ಕವಿತಾಳದಿಂದ ಮಲ್ಲಟಕ್ಕೆ ಹೊರಟಿದ್ದ ಬಸ್ಸು ಹಳ್ಳದ ಸೇತುವೆಯ ಹತ್ತಿರ ನಿಧಾನಿಸಿದಾಗ ಕಿಟಕಿಯಿಂದ ಹಸಿ ಬಣ್ಣದ ವಾಸನೆ ಬಂತು. ಪೇಂಟರ್ ಒಬ್ಬ ಫಲಕದ ಮಾಸಿದ ಅಕ್ಷರಗಳನ್ನು ತಿದ್ದುತ್ತಿದ್ದ. ಅದರಲ್ಲಿದ್ದ ಬರಹ ನನ್ನದು. ಓದಿದವರು ಕ್ಷಮಿಸಬೇಕು.

ಹದಿನೈದು ವರ್ಷದ ಹಿಂದಿನ ಮಾತು. ರಾಯಚೂರಿನ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಕರೆಸಿದರು. ಆ ಸೇತುವೆಯನ್ನು ಅವರ ಅಜ್ಜ ತನ್ನ ತಾಯಿಯ ನೆನಪಿಗೆ ಕಟ್ಟಿಸಿದ್ದಂತೆ.

"ಅದರ ಕಟ್ಟಡದಾಗ ಭಾಳ ಅರ್ಥ ಅದರೀ ಸರ. ಏನಂತ ನೀವ ಬರೀರಿ."

ಅರ್ಥ ಅವರಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ಆದರೆ ನಾನು ಕನ್ನಡ ಮೇಷ್ಟ್ರು. ಇಲ್ಲದ ಅರ್ಥ ತೆಗೆಯುವುದೇ ನನ್ನ ಕಸುಬು. ಐದು ಕಮಾನುಗಳಲ್ಲಿ ನಾಲ್ಕು ಸಮ, ಕೊನೆಯದು ಗಿಡ್ಡ. ನಾಲ್ಕೆಂದರೆ ನಾಲ್ಕು ದಿಕ್ಕು, ಗಿಡ್ಡದ್ದು ತಾಯಿಯೆದುರು ತಲೆಬಾಗಿದ ಮಗ ಎಂದು ಬರೆದೆ. ಬರೆದು ನಾನೇ ಕಣ್ಣೊರೆಸಿಕೊಂಡೆ.

ಫಲಕ ನಿಲ್ಲಿಸಿದ ದಿನ ಒಬ್ಬ ಮುದುಕಿ ನನ್ನ ಪಕ್ಕ ಬಂದು ನಿಂತಳು. ಹೆಸರು ಹನುಮವ್ವ. ದೇವದುರ್ಗದ ಕಡೆಯಿಂದ ಕೂಲಿಗೆ ಬಂದು ಮಲ್ಲಟದಲ್ಲೇ ನೆಲೆಸಿದವರ ಮಗಳು.

"ಏನ್ ಬರದೀರಿ ಯಪ್ಪಾ? ಒಂಚೂರು ಓದ್ರಿ."

ರಾಗವಾಗಿ ಓದಿದೆ. ಅವಳು ನಕ್ಕಳು.

"ತಲಿ ಬಾಗಿಸಿಲ್ರಿ ಅದು. ಕಟ್ಟಾಕತ್ತಾಗ ಕುಸಿದು ಬಿತ್ತು. ನಮ್ಮಪ್ಪ ಅದರ ಕೆಳಗಿದ್ದ. ಆಮ್ಯಾಲ ಕಲ್ಲು ಸಾಲಲಿಲ್ಲಂತ ಗಿಡ್ಡ ಕಟ್ಯಾರ."

ಅವಳ ಮಾತನ್ನು ಸಾಹುಕಾರರ ಕಿವಿಯಲ್ಲಿ ಪಿಸುಗುಟ್ಟಿದೆ. ಅವರು ಶಾಂತವಾಗಿ ಹೇಳಿದರು: "ಎಲ್ಲಾರ ನೆನಪೂ ಒಂದ ಸೇತುವಿ ಮ್ಯಾಲ ಹೇರಿದ್ರ ಅದು ತಡೀತದೇನ್ರಿ ಸರ?" ಹೇಳಿ ನನಗೆ ಶಾಲು ಹೊದಿಸಿದರು. ನಮ್ಮ ಕಡೆಯ ಮೇ ತಿಂಗಳ ಬಿಸಿಲು. ಆದರೂ ಹೊದ್ದುಕೊಂಡೆ.

ಇವತ್ತು ಯಾಕೋ ಬಸ್ಸಿನಿಂದ ಇಳಿದೆ. ತಲೆಬಾಗಿದ ಮಗನ ಸಾಲನ್ನು ಅಳಿಸಿ, ಈ ಕಮಾನು ಕಟ್ಟುವಾಗ ಸತ್ತವನ ಹೆಸರು ಬರೆಯಪ್ಪ ಎಂದೆ.

"ಹೆಸರು ಹೇಳ್ರಿ ಸರ," ಎಂದು ಪೇಂಟರ್ ಕುಂಚ ಎತ್ತಿದ.

ಇಷ್ಟು ವರ್ಷ ಒಳಗೊಳಗೇ ಮರುಗುತ್ತಿದ್ದವನು ನಾನು. ಹೆಸರನ್ನು ಮಾತ್ರ ಕೇಳಿರಲೇ ಇಲ್ಲ.

ಮಲ್ಲಟಕ್ಕೆ ನಡೆದೆ. ಹನುಮವ್ವ ಕಟ್ಟೆಯ ಮೇಲೆ ಕೂತಿದ್ದಳು, ಕಣ್ಣು ಪೂರ್ತಿ ಮಂಜಾಗಿತ್ತು. ನಾನು ಯಾರೆಂದು ಹೇಳಿ, ಅವಳಪ್ಪನ ಹೆಸರು ಕೇಳಿದೆ.

"ತಿಮ್ಮಪ್ಪ," ಎಂದಳು. "ಆದ್ರ ಅವ್ನೊಬ್ಬನ ಅಲ್ರಿ ಯಪ್ಪಾ. ಕುಂದರ್ರಿ. ಪೆನ್ನು ತಂದೀರಿಲ್ಲ?"

ನೆಲದ ಮೇಲೆ ಕೂತು ಬರೆದುಕೊಂಡೆ. ಮೂರನೆಯ ಹೆಸರನ್ನು ಇನ್ನೊಮ್ಮೆ ಕೇಳಿ ಬರೆದೆ. ಅವಳು ಕಾದಳು, ಆಮೇಲೆ ನಾಲ್ಕನೆಯದನ್ನು ಹೇಳಿದಳು.

ಸೇತುವೆಗೆ ಮರಳಿದೆ; ಸಂಜೆಯೊಳಗೆ ಪೇಂಟರ್ ನಾಲ್ಕನ್ನೂ ಬರೆದು ಮುಗಿಸಿದ. ಸುದ್ದಿ ಮುಟ್ಟಿರಬೇಕು, ಈಗ ಸಾಹುಕಾರರ ಫೋನ್ ಬರುತ್ತಿದೆ. ಎತ್ತುತ್ತೇನೆ, ಅವರಿಗೂ ನಾಲ್ಕು ಹೆಸರು ಓದಿ ಹೇಳಬೇಕು.