ನಕ್ಷತ್ರದ ಎಡಕ್ಕೆ

ಅಕ್ಕ ತೀರಿಕೊಂಡ ಮೇಲೆ ಅಳತೆಯಮ್ಮನ ಕಣ್ಣಿಂದ ಒಂದು ಹನಿಯೂ ಉದುರಿರಲಿಲ್ಲ. ಎಂದಿನಂತೆ ವೀಕ್ಷಣಾಲಯಕ್ಕೆ ಬಂದಳು, ಕಿಟಕಿ ತೆರೆದಳು, ಹಳೆಯ ಗಾಜಿನ ಫಲಕಗಳ ಧೂಳು ಒರೆಸಿದಳು. ಒಂದು ಕಾಲಕ್ಕೆ ಆಕಾಶದ ಫೋಟೋಗಳೆಲ್ಲ ಗಾಜಿನ ಮೇಲೇ ಇಳಿಯುತ್ತಿದ್ದವು. ಅವುಗಳ ಚುಕ್ಕಿಗಳನ್ನು ಅಳೆದೂ ಅಳೆದೂ ಈಕೆ ಅಳತೆಯಮ್ಮನೇ ಆಗಿಹೋಗಿ, ಸ್ವಂತ ಹೆಸರನ್ನು ಜನ ಮರೆತೇಬಿಟ್ಟಿದ್ದರು. ಈಗ ಊಟ ಹೊಟ್ಟೆಗೆ ಹೋಗುತ್ತಿತ್ತು, ರುಚಿ ಮಾತ್ರ ಗೊತ್ತಾಗುತ್ತಿರಲಿಲ್ಲ.

ಅಕ್ಕನೂ ಅಲ್ಲೇ ದುಡಿದವಳು. ದುರ್ಬೀನಿನಲ್ಲಿ ಕಂಡದ್ದನ್ನು ಪೆನ್ಸಿಲಿನಲ್ಲಿ ಬಿಡಿಸುವುದು ಅವಳ ಕೆಲಸ. ಬಿಡಿಸಿದ್ದು ನಿಜವೇ ಎಂದು ಗಾಜಿನ ಮೇಲೆ ಹುಡುಕುವುದು ತಂಗಿಯದು. ಮನೆಯಲ್ಲಿ ಅಕ್ಕ ಹೇಳಿದ್ದೇ ವೇದವಾಕ್ಯ, ಕಚೇರಿಯಲ್ಲಿ ತಂಗಿಯದೇ ಕೊನೆಯ ಮಾತು. ಒಂದು ಚಳಿಗಾಲದಲ್ಲಿ ಅಕ್ಕ ಒಂದು ನಕ್ಷತ್ರದ ಬಲಕ್ಕೆ ಮಸುಕು ಗುರುತೊಂದನ್ನು ಬಿಡಿಸಿ, ಇದೊಂದು ಗ್ಯಾಲಕ್ಸಿ ಎಂದಳು. ತಂಗಿ ಭೂತಗನ್ನಡಿ ಹಿಡಿದು ಬಲಕ್ಕೆಲ್ಲ ಜಾಲಾಡಿದಳು. ಏನೂ ಇರಲಿಲ್ಲ. ‘ಇಲ್ಲ’ ಎಂದು ಬರೆದಳು. ಕಚೇರಿಯವರಿಗೆ ಅಷ್ಟೇ ಸಾಕಾಯಿತು. ಚಹಾ ಲೋಟದ ಹಬೆ ಕಂಡರೂ ಅಕ್ಕನನ್ನು ಕರೆದು ಗ್ಯಾಲಕ್ಸಿ ತೋರಿಸತೊಡಗಿದರು. ಮಾಡಲು ಬೇರೆ ಕೆಲಸವಿರದ ಮಂದಿ. ಅಕ್ಕ ತಂಗಿಯೊಡನೆ ವಾದಿಸಲಿಲ್ಲ. "ನೀನು ನೋಡಿದ್ದೀಯಲ್ಲ, ಬಿಡು," ಎಂದಳು. ಆಮೇಲೆ ದುರ್ಬೀನಿನ ಹತ್ತಿರ ಸುಳಿಯದೆ ಮೇಜಿನ ಕೆಲಸ ಕೇಳಿ ಪಡೆದಳು.

ಈಗ ಹಳೆಯ ವೀಕ್ಷಣೆಗಳನ್ನೆಲ್ಲ ಕಡೆಯ ಸಲ ತಾಳೆ ನೋಡಿ, ತಾಳೆಯಾಗದ್ದನ್ನು ಕೈಬಿಡಬೇಕೆಂದು ಮುಖ್ಯಸ್ಥರ ಅಪ್ಪಣೆ. ಅಕ್ಕನ ಚಿತ್ರವನ್ನೂ ಸಂಜೆಯೊಳಗೆ ತೆಗೆದುಹಾಕಬೇಕಿತ್ತು. ಅದೂ ಹೋದರೆ ಇದು ನಮ್ಮಕ್ಕ ಕಂಡದ್ದು ಎನ್ನಲು ಏನೂ ಉಳಿಯುತ್ತಿರಲಿಲ್ಲ. ಇದು ಗೊತ್ತಿದ್ದೂ ಅಳತೆಯಮ್ಮನಿಗೆ ಏನೂ ಅನ್ನಿಸಲಿಲ್ಲ.

ಮಧ್ಯಾಹ್ನ ಜವಾನ ಅಕ್ಕನ ಮೇಜಿನ ಸಾಮಾನು ತಂದಿಟ್ಟ. ಅದರಲ್ಲೊಂದು ಉಣ್ಣೆಬಟ್ಟೆಯ ತುಂಡು, ಮನೆಯಲ್ಲಿ ಅಕ್ಕನ ನೋಯುವ ಕತ್ತಿಗೆ ಶಾಖ ಕೊಡುತ್ತಿದ್ದದ್ದು. ಬಿಚ್ಚಿದರೆ ಒಳಗೆ ಪುಟ್ಟ ಕನ್ನಡಿ. ದುರ್ಬೀನಿನ ಕಣ್ಣಿಡುವ ತುದಿಗೆ ಅದನ್ನು ಸಿಕ್ಕಿಸಿದರೆ ಕತ್ತು ಹಿಂದಕ್ಕೆ ವಾಲಿಸದೆ ನೋಡಬಹುದು. ಆದರೆ ಅದು ಎಡವನ್ನು ಬಲ ಮಾಡಿ ತೋರಿಸುತ್ತದೆ. ಕತ್ತು ನೆಟ್ಟಗಿದ್ದವರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಆ ಚಳಿಗಾಲದ ರಾತ್ರಿ ಕನ್ನಡಿ ಹಾಕಿದ್ದನ್ನು ಬರೆಯಲು ಅಕ್ಕ ನೋವಿನಲ್ಲಿ ಮರೆತಿರಬೇಕು.

ಅಳತೆಯಮ್ಮ ಚಿತ್ರವನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದಳು. ಮಸುಕು ನಕ್ಷತ್ರದ ಎಡಕ್ಕೆ ಬಂತು. ಫಲಕ ತೆಗೆದು ಭೂತಗನ್ನಡಿಯನ್ನು ಎಡಕ್ಕೆ ಸರಿಸಿದಳು. ಅಕ್ಕ ಬಿಡಿಸಿದಷ್ಟೇ ದೂರದಲ್ಲಿ, ಅಷ್ಟೇ ಓರೆಯಾಗಿ, ಅದು ಅಲ್ಲೇ ಇತ್ತು.

ಮುಖ್ಯಸ್ಥರು ಬಂದು ಬಗ್ಗಿ ತುಂಬ ಹೊತ್ತು ನೋಡಿದರು. ಅಕ್ಕನ ಹೆಸರಿನಲ್ಲೇ ಸೇರಿಸಲು ಹೇಳಿದರು. "ಅವರು ಕನ್ನಡಿ ಹಾಕ್ಕೊಂಡು ನೋಡಿರಬಹುದು ಅಂತ ಆಗ ಯಾರಿಗೂ ಹೊಳೀಲಿಲ್ವಾ?"

"ಕತ್ತು ನೋವು ಅಂತ ನನಗೆ ಗೊತ್ತಿತ್ತು," ಎಂದಳು ಅಳತೆಯಮ್ಮ. "ದಿನಾ ಎಣ್ಣೆ ಹಚ್ಚಿ ತಿಕ್ಕುತ್ತಿದ್ದವಳು ನಾನೇ."

‘ಇಲ್ಲ’ ಎಂದು ಬರೆದ ದಿನವೂ ತಿಕ್ಕಿದ್ದಳು. ಆಗ ಅಕ್ಕನ ಮುಖ ಹೇಗಿತ್ತೋ ಅವಳಿಗೆ ಗೊತ್ತಿಲ್ಲ. ಕತ್ತು ತಿಕ್ಕುವವರಿಗೆ ಬೆನ್ನಷ್ಟೇ ಕಾಣುವುದು.